ಕಾಫಿ ಬೀಸಿದ ಕೈಗಳು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಕಾಫಿ ಬೆಳೆಯುವ ಸೀಮೆಯಲ್ಲ. ಇಲ್ಲಿಯದು ಭತ್ತ, ರಾಗಿ, ಕಬ್ಬು, ಬಾಳೆ. ನಂಜನಗೂಡು ಎಂದರೆ ರಸಬಾಳೆ, ಹಕೀಮ್ ನಂಜುಂಡ. ನರಸೀಪುರ ಎಂದರೆ ಸಂಗಮ. ಆದರೂ ಕಾಫಿಯ ಚರಿತ್ರೆಯ ಒಂದು ಅಧ್ಯಾಯವನ್ನು ಬರೆಯಹೊರಟವರು ಈ ಎರಡು ಊರುಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕಾಫಿ ಬೆಳೆದವರ ಕತೆ ನಮಗೆ ಗೊತ್ತು, ಕುಡಿದವರ ಕತೆಯೂ ಗೊತ್ತು. ನಡುವೆ ಕುಳಿತು ಆ ಬೀಜವನ್ನು ಬೀಸಿದವರ ಕತೆ ಮಾತ್ರ ಯಾರೂ ಅಷ್ಟಾಗಿ ಹೇಳಿಲ್ಲ.

ಕಪಿಲೆ ನಂಜನಗೂಡನ್ನು ಮುಟ್ಟಿ, ಸುತ್ತೂರನ್ನು ದಾಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಈ ಹರಿವಿನ ಒಂದು ತುದಿಯಲ್ಲಿ, ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ, 1989ರಿಂದ ನೆಸ್ಲೆ ಕಂಪನಿಯ ಕಾರ್ಖಾನೆ ಇದೆ. ಬಿಸಿನೀರಿಗೆ ಹಾಕಿದೊಡನೆ ಕರಗುವ ಕಾಫಿ ಪುಡಿ ಅಲ್ಲಿ ತಯಾರಾಗುತ್ತದೆ. ಇನ್ನೊಂದು ತುದಿಯಲ್ಲಿ, ನರಸೀಪುರದ ನದಿ ದಂಡೆಯಲ್ಲಿ, ನವಶಿಲಾಯುಗದ ಜನ ಬದುಕಿದ್ದ ನೆಲೆಯನ್ನು ಪುರಾತತ್ವಜ್ಞರು ಅಗೆದು ತೆಗೆದಿದ್ದಾರೆ. ಕಲ್ಲಿನಿಂದ ಕಾಳು ಅರೆದ ಕಾಲಕ್ಕೂ ಅರೆಯುವ ಕೆಲಸವೇ ಮನೆಯಿಂದ ಮಾಯವಾದ ಕಾಲಕ್ಕೂ ನಡುವಿನ ದಾರಿ ಇಲ್ಲಿ ಒಂದು ಗಂಟೆಯ ಬಸ್ ಪ್ರಯಾಣದಷ್ಟೇ.

ಈಗ ಈ ಕತೆಗೆ ಹೊಸದೊಂದು ತಿರುವು ಬಂದಿದೆ. ಬೆಂಗಳೂರು, ಮೈಸೂರಿನ ಕೆಲವು ಮನೆಗಳಲ್ಲಿ ಎಸ್ಪ್ರೆಸೊ ಕಾಫಿಯ ಯಂತ್ರಗಳು ಬಂದಿವೆ. ಯಂತ್ರ ಬಂದ ಕೆಲವೇ ತಿಂಗಳಲ್ಲಿ ಅದರ ಜೊತೆಗೆ ಬೀಜ ಪುಡಿ ಮಾಡುವ ಗ್ರೈಂಡರೂ ಬರುತ್ತದೆ. ಮೊದಲು ಚಿಕ್ಕದು, ಆಮೇಲೆ ಅದನ್ನು ಮಾರಿ ದೊಡ್ಡದು. ದೊಡ್ಡದರ ಬೆಲೆ ಒಂದು ಲಕ್ಷ ರೂಪಾಯಿ ದಾಟುವುದೂ ಉಂಟು. ಸ್ಕೂಟರ್ ಕೊಳ್ಳುವ ದುಡ್ಡಿನಲ್ಲಿ ಕಾಫಿ ಬೀಜ ಬೀಸುವ ಯಂತ್ರವೇ ಎಂದು ನೆಂಟರು ಹುಬ್ಬೇರಿಸುತ್ತಾರೆ. ಇದು ಬರೀ ಶೋಕಿಯೋ, ಅಥವಾ ಇದರಲ್ಲಿ ಹುರುಳಿದೆಯೋ? ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕುಟ್ಟಾಣಿಯ ಸದ್ದು

ಕಾಫಿಯನ್ನು ಪಾನೀಯವಾಗಿ ಬಳಕೆಗೆ ತಂದವರು ಹದಿನೈದನೆಯ ಶತಮಾನದ ಯೆಮನ್‌ನ ಸೂಫಿಗಳು. ರಾತ್ರಿಯ ಧ್ಯಾನ, ಝಿಕ್ರ್‌ಗಳಲ್ಲಿ ನಿದ್ದೆ ಬಾರದಿರಲೆಂದು ಅವರು ಇದನ್ನು ಕುಡಿಯುತ್ತಿದ್ದರು. 1511ರಲ್ಲಿ ಮಕ್ಕಾದ ಅಧಿಕಾರಿ ಖಾಯಿರ್ ಬೇಗ್ ಕಾಫಿಯನ್ನು ನಿಷೇಧಿಸಿದ. ಆದರೆ ಆ ನಿಷೇಧ ಬಹಳ ಕಾಲ ನಿಲ್ಲಲಿಲ್ಲ. ಈ ವಾದವಿವಾದಗಳನ್ನೆಲ್ಲ ಅಬ್ದುಲ್ ಖಾದಿರ್ ಅಲ್-ಜಝೀರಿ ಎಂಬ ವಿದ್ವಾಂಸ 1558ರ ಸುಮಾರಿಗೆ ಬರೆದ ಗ್ರಂಥದಲ್ಲಿ ದಾಖಲಿಸಿದ್ದಾನೆ. ಕಾಫಿಯ ಆರಂಭಕಾಲದ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಅವನಿಂದ ಬಂದದ್ದು.

ಯೆಮನ್‌ನಲ್ಲಿ ಎರಡು ಬಗೆಯ ಪಾನೀಯಗಳಿದ್ದವು. ಹಣ್ಣಿನ ಒಣ ಸಿಪ್ಪೆಯನ್ನು ಕುದಿಸಿದರೆ ಕಿಶ್ರ್. ಬೀಜವನ್ನು ಹುರಿದು ಪುಡಿ ಮಾಡಿ ಕುದಿಸಿದರೆ ಬುನ್. ಸಿಪ್ಪೆಗೆ ಬೀಸುವ ಗೊಡವೆಯಿಲ್ಲ. ಬೀಜ ಹಾಗಲ್ಲ. ಹುರಿದ ಬೀಜದೊಳಗಿನ ಸಾರ ನೀರಿಗೆ ಇಳಿಯಬೇಕಾದರೆ ಅದನ್ನು ಒಡೆಯಲೇಬೇಕು. ಹೀಗೆ ಕಾಫಿಯ ಜೊತೆಜೊತೆಗೆ ಅದನ್ನು ಒಡೆಯುವ ಸಾಧನವೂ ಪಯಣ ಹೊರಟಿತು.

ಅರಬ್ ಮರುಭೂಮಿಯ ಬದೂಯಿನರಲ್ಲಿ ಈ ಸಾಧನ ಮರದ ಕುಟ್ಟಾಣಿ. ಅದಕ್ಕೆ ಮಿಹ್‌ಬಾಜ್ ಎಂದು ಹೆಸರು. ಗುಡಾರದಲ್ಲಿ ಕಾಫಿ ಕುಟ್ಟುವ ತಾಳಬದ್ಧ ಸದ್ದು ದೂರದವರಿಗೆ ಕೇಳಿದರೆ ಅದೇ ಆಹ್ವಾನ. ಬನ್ನಿ, ಇಲ್ಲಿ ಕಾಫಿಯಾಗುತ್ತಿದೆ ಎಂದು ಅರ್ಥ. ಅತಿಥಿಯ ಎದುರಿಗೇ ಹುರಿದು, ಎದುರಿಗೇ ಕುಟ್ಟಿ, ಎದುರಿಗೇ ಕಾಸಿ ಕೊಡುವುದು ಮರ್ಯಾದೆ. 2015ರಲ್ಲಿ ಯುನೆಸ್ಕೊ ಅರಬ್ ಕಾಫಿಯನ್ನು ಔದಾರ್ಯದ ಸಂಕೇತವೆಂದು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ತುರ್ಕರ ಆಳ್ವಿಕೆಯಲ್ಲಿ ಕುಟ್ಟಾಣಿಯ ಜೊತೆಗೆ ಹಿತ್ತಾಳೆಯ ಕೊಳವೆಯಾಕಾರದ ಕೈಯಂತ್ರ ಬಂತು. ತುರ್ಕಿ ಕಾಫಿಗೆ ಸೋಸುವ ಕ್ರಮವಿಲ್ಲ. ಪುಡಿಯನ್ನೇ ನೀರಿಗೆ ಹಾಕಿ ಕಾಸಿ, ಗಸಿ ತಳಕ್ಕೆ ಇಳಿದ ಮೇಲೆ ಕುಡಿಯುವುದು. ಹಾಗಾಗಿ ಪುಡಿ ಮೈದಾ ಹಿಟ್ಟಿನಷ್ಟು ನುಣುಪಾಗಿರಬೇಕು. ಇಸ್ತಾಂಬುಲ್‌ನಲ್ಲಿ ಬೀಜವನ್ನು ಹುರಿದು ಕುಟ್ಟಿಕೊಡುವ ಕೇಂದ್ರಗಳಿಗೆ ತಹ್‌ಮೀಸ್ ಎನ್ನುತ್ತಿದ್ದರು. ಆ ಹೆಸರಿನ ಬೀದಿ ಅಲ್ಲಿನ ಸಂಬಾರ ಪೇಟೆಯ ಪಕ್ಕದಲ್ಲಿ ಇಂದಿಗೂ ಇದೆ. 1871ರಲ್ಲಿ ಮೆಹ್ಮತ್ ಎಫೆಂದಿ ಎಂಬಾತ ಅದೇ ಪೇಟೆಯಲ್ಲಿ ಹುರಿದು ಪುಡಿ ಮಾಡಿದ ಸಿದ್ಧ ಕಾಫಿಯನ್ನು ಮಾರತೊಡಗಿದ. ಬೀಸುವ ಕೆಲಸ ಮನೆಯಿಂದ ಅಂಗಡಿಗೆ ಹೋದ ಚರಿತ್ರೆಯಲ್ಲಿ ಇದು ನೆನಪಿಡಬೇಕಾದ ವರ್ಷ. ಯುರೋಪಿನಲ್ಲಿ ಆ ಹೊತ್ತಿಗೆ ಮನೆಬಳಕೆಯ ಯಂತ್ರಗಳು ಹಬ್ಬಿದ್ದವು. ಇಂದು ಕಾರುಗಳಿಗೆ ಹೆಸರಾದ ಫ್ರಾನ್ಸಿನ ಪ್ಯೂಜೊ ಕುಟುಂಬ ಕಾರು ಮಾಡುವುದಕ್ಕೆ ಎಷ್ಟೋ ಮೊದಲು, 1840ರಲ್ಲಿ, ಕಾಫಿ ಬೀಸುವ ಯಂತ್ರ ಮಾಡಿ ಮಾರುತ್ತಿತ್ತು.

ಬೀಸುವ ಕಲ್ಲು, ಬೀಸುವ ಪದ

ಯೆಮನ್‌ನಿಂದ ಬಾಬಾಬುಡನ್ ಏಳು ಬೀಜಗಳನ್ನು ತಂದು ಚಂದ್ರಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಕನ್ನಡಿಗರೆಲ್ಲರಿಗೂ ಗೊತ್ತು. ಕೊಡಗಿನಲ್ಲಿಯೂ ಬ್ರಿಟಿಷ್ ತೋಟಗಾರರು ಬರುವ ಮೊದಲೇ ನಾಲ್ಕುನಾಡಿನ ಕಡೆ ಮಾಪಿಳ್ಳೆಗಳು ಕಾಫಿ ಬೆಳೆಯುತ್ತಿದ್ದರೆಂದು ಹತ್ತೊಂಬತ್ತನೆಯ ಶತಮಾನದ ಬರಹಗಳು ಹೇಳುತ್ತವೆ. ನಮ್ಮ ಎರಡು ತಾಲ್ಲೂಕುಗಳಿಗೆ ಹತ್ತಿರದ ಕಾಫಿ ಬಿಳಿಗಿರಿರಂಗನ ಬೆಟ್ಟದ್ದು. ಅಲ್ಲಿಯ ಹೊನ್ನಮೇಟಿಯಲ್ಲಿ ಮಾರಿಸ್ ಎಂಬ ಸ್ಕಾಟಿಷ್ ಕುಟುಂಬ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೋಟ ಮಾಡಿತು.

ಕಾಫಿ ಬೀಜ ಹೊರನಾಡಿನದು. ಆದರೆ ಅದನ್ನು ಬೀಸುವ ವಿದ್ಯೆಯನ್ನು ಯಾರೂ ಹೊರಗಿನಿಂದ ತರಬೇಕಾಗಿರಲಿಲ್ಲ. ನರಸೀಪುರದ ನೆಲೆಯಲ್ಲಿ 1959ರಿಂದ ಕೆಲವು ವರ್ಷ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಉತ್ಖನನ ನಡೆಯಿತು. ಸುಮಾರು ಮೂರೂವರೆ, ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿ ಬದುಕಿದ್ದವರ ಮಡಕೆಗಳು, ಸಮಾಧಿಗಳು, ಮಲಗುವಾಗ ತಲೆಗೆ ಇಟ್ಟುಕೊಳ್ಳುವ ಸುಟ್ಟಮಣ್ಣಿನ ಆಸರೆಗಳು ಸಿಕ್ಕವು. ದಕ್ಷಿಣ ಭಾರತದ ಇಂಥ ನವಶಿಲಾಯುಗದ ನೆಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ವಸ್ತು ಅರೆಯುವ ಕಲ್ಲು. ಕೆಳಗೊಂದು ತಗ್ಗಾದ ಹಾಸು, ಮೇಲೊಂದು ಗುಂಡು. ಮೊಣಕಾಲೂರಿ ಕುಳಿತು ಹಿಂದಕ್ಕೂ ಮುಂದಕ್ಕೂ ತಿಕ್ಕಬೇಕು. ಎರಡು ದುಂಡುಗಲ್ಲುಗಳ ತಿರುಗುವ ಬೀಸುಕಲ್ಲು ಬಂದದ್ದು ಅದಕ್ಕೂ ಬಹಳ ಕಾಲದ ಮೇಲೆ.

ಬೀಸುಕಲ್ಲಿನ ರಚನೆಯನ್ನು ಇಲ್ಲಿ ಸ್ವಲ್ಪ ಗಮನಿಸಿ. ಕೆಳಗಿನ ಕಲ್ಲು ಅಲುಗುವುದಿಲ್ಲ. ಮೇಲಿನದು ನಡುವಿನ ಗೂಟದ ಸುತ್ತ ತಿರುಗುತ್ತದೆ. ಕಾಳು ನಡುವಿನ ತೂತಿನಿಂದ ಇಳಿದು, ಎರಡು ಒರಟು ಮೈಗಳ ನಡುವೆ ಸಿಕ್ಕಿ, ಒಡೆಯುತ್ತಾ ಒಡೆಯುತ್ತಾ ಅಂಚಿಗೆ ಸರಿದು ಹಿಟ್ಟಾಗಿ ಉದುರುತ್ತದೆ. ಇಂದಿನ ಲಕ್ಷ ರೂಪಾಯಿಯ ಎಸ್ಪ್ರೆಸೊ ಗ್ರೈಂಡರನ್ನು ಬಿಚ್ಚಿ ನೋಡಿದರೆ ಒಳಗೆ ಇರುವುದು ಇದೇ. ಕಲ್ಲಿನ ಬದಲು ಹಲ್ಲುಗಳಿರುವ ಎರಡು ಉಕ್ಕಿನ ಬಿಲ್ಲೆಗಳು. ಒಂದು ನಿಂತಿರುತ್ತದೆ, ಒಂದು ತಿರುಗುತ್ತದೆ, ಬೀಜ ನಡುವಿನಿಂದ ಹೊಕ್ಕು ಅಂಚಿನಿಂದ ಹೊರಬೀಳುತ್ತದೆ. ಕಲ್ಲಿನ ಮೈ ಸವೆದಾಗ ಉಳಿಯಿಂದ ಕಚ್ಚು ಹಾಕಿಕೊಡಲು ಊರೂರು ತಿರುಗುವವರು ಬರುತ್ತಿದ್ದರು. ಈಗ ಬಿಲ್ಲೆ ಸವೆದರೆ ಹೊಸ ಜೋಡಿಯನ್ನು ತರಿಸಿ ಹಾಕಬೇಕು.

ಬೀಸುವವರು ಯಾರು? ಹೆಂಗಸರು. ಕೋಳಿ ಕೂಗುವ ಮೊದಲೇ ಎದ್ದು ಬೀಸಲು ಕೂತರೆ ಬೆಳಕು ಹರಿಯುವ ಹೊತ್ತಿಗೆ ಆ ದಿನದ ಹಿಟ್ಟು. ಆ ದಣಿವಿನಲ್ಲಿ ಹುಟ್ಟಿದ ಬೀಸುವ ಪದಗಳು ಕನ್ನಡ ಜನಪದ ಸಾಹಿತ್ಯದ ತ್ರಿಪದಿ ಭಂಡಾರವನ್ನೇ ತುಂಬಿವೆ. ತವರು, ತಾಯಿ, ಗಂಡನ ಮನೆಯ ಕಷ್ಟ, ದೇವರ ಸ್ತುತಿ ಎಲ್ಲವೂ ಆ ಕಲ್ಲಿನ ಸುತ್ತ ತಿರುಗಿದವು. ದಖನಿ ಮಾತಾಡುವ ಮುಸ್ಲಿಂ ಮನೆಗಳಲ್ಲೂ ಇದೇ. ವಿಜಯಪುರದ ಸೂಫಿಗಳ ಬಗ್ಗೆ 1978ರಲ್ಲಿ ಗ್ರಂಥ ಪ್ರಕಟಿಸಿದ ಇತಿಹಾಸಕಾರ ರಿಚರ್ಡ್ ಈಟನ್, ಅವರು ದಖನಿಯಲ್ಲಿ ರಚಿಸಿದ ‘ಚಕ್ಕಿನಾಮಾ’ಗಳತ್ತ ವಿದ್ವಾಂಸರ ಗಮನ ಸೆಳೆದರು. ಚಕ್ಕಿ ಎಂದರೆ ಬೀಸುಕಲ್ಲು. ಹೆಂಗಸರು ಬೀಸುತ್ತಾ ಹಾಡಿಕೊಳ್ಳಲೆಂದೇ ರಚಿಸಿದ, ಕಲ್ಲಿನ ಒಂದೊಂದು ಅಂಗವನ್ನೂ ದೇವರ ಸ್ಮರಣೆಗೆ ಜೋಡಿಸುವ ಪದಗಳು ಅವು. ದಖನಿನ ಹಳ್ಳಿಗಳಲ್ಲಿ ಸೂಫಿ ವಿಚಾರ ಮನೆಯೊಳಗೆ ಹೊಕ್ಕಿದ್ದಕ್ಕೆ ಇಂಥ ಹಾಡುಗಳೂ ಒಂದು ಕಾರಣವೆಂದು ಈಟನ್ ವಾದಿಸಿದರು. ಕಾಫಿ ತಂದವರೂ ಸೂಫಿಗಳು, ಬೀಸುಕಲ್ಲಿಗೆ ಹಾಡು ಕೊಟ್ಟವರೂ ಸೂಫಿಗಳು. ಎರಡೂ ಈ ಕರ್ನಾಟಕದ ನೆಲದಲ್ಲೇ ನಡೆಯಿತು.

ಅಡುಗೆಮನೆಗೆ ಬಂದ ಕೈಯಂತ್ರ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಳೆ ಮೈಸೂರಿನ ಪಟ್ಟಣಗಳ ಮನೆಗಳಿಗೆ ಕಾಫಿ ದಿನನಿತ್ಯದ ಪಾನೀಯವಾಗಿ ಬಂತು. ಹಸಿ ಬೀಜ ತಂದು ಬಾಣಲೆಯಲ್ಲಿ ಹುರಿಯುವುದು, ಎರಕದ ಕಬ್ಬಿಣದ ಕೈಯಂತ್ರದಲ್ಲಿ ಪುಡಿ ಮಾಡುವುದು, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುವುದು. ಮೇಜಿನ ಅಂಚಿಗೋ ಗೋಡೆಯ ಹಲಗೆಗೋ ತಿರುಪು ಹಾಕಿ ಬಿಗಿದ ಆ ಯಂತ್ರದ ಹಿಡಿ ತಿರುಗಿಸುವ ಕೆಲಸ ಬಹಳ ಮನೆಗಳಲ್ಲಿ ಮಕ್ಕಳದ್ದು. ಬೀಜ ಹುರಿದದ್ದು ಕಡಿಮೆಯಾದರೆ ಹಿಡಿ ತಿರುಗುವುದಿಲ್ಲ, ಹೆಚ್ಚಾದರೆ ಪುಡಿ ಕಹಿ. ತಿರುಪನ್ನು ಬಿಗಿ ಮಾಡಿದರೆ ನುಣ್ಣಗೆ, ಸಡಿಲ ಮಾಡಿದರೆ ತರಿತರಿ. ನುಣ್ಣಗಾದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ತರಿಯಾದರೆ ಡಿಕಾಕ್ಷನ್ ನೀರಾಗುತ್ತದೆ. ಈಗ ಹೊಸ ಗ್ರೈಂಡರಿನ ಜೊತೆ ಬರುವ ಕೈಪಿಡಿಯಲ್ಲಿ ಓದಿ ಕಲಿಯುವ ಈ ಪಾಠ ಆಗ ಅಡುಗೆಮನೆಯ ಹೆಂಗಸರಿಗೆ ಅಂಗೈಯ ಅಂದಾಜಿನಲ್ಲಿ ಗೊತ್ತಿತ್ತು.

ಆದರೆ ಆ ಕಾಲವನ್ನು ಬರೀ ಪರಿಮಳದ ಕಾಲವೆಂದು ಹೊಗಳಿ ಮುಗಿಸುವಂತಿಲ್ಲ. ಕಾಫಿಯ ಲೋಟದ ಸುತ್ತ ಗೆರೆಗಳು ಎದ್ದಿದ್ದವು. ‘ಬ್ರಾಹ್ಮಣರ ಕಾಫಿ ಕ್ಲಬ್’ ಎಂಬ ಬೋರ್ಡುಗಳು ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಬಾಗಿಲಲ್ಲೇ ಹೇಳುತ್ತಿದ್ದವು. ಹಳ್ಳಿಯ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ. ತಮಿಳುನಾಡಿನ ಇತಿಹಾಸಕಾರ ಎ.ಆರ್. ವೆಂಕಟಾಚಲಪತಿ ತಮ್ಮ 2006ರ ಪುಸ್ತಕದಲ್ಲಿ ಈ ವಿಚಾರ ಚರ್ಚಿಸಿದ್ದಾರೆ. ಅಲ್ಲಿ ಕಾಫಿ ಬ್ರಾಹ್ಮಣ ಮಧ್ಯಮವರ್ಗದ ಗುರುತಾದರೆ, ಚಹಾ ದುಡಿಯುವವರ, ನಗರದ ಮುಸ್ಲಿಮರ ಪಾನೀಯವೆನಿಸಿಕೊಂಡಿತು. ನಮ್ಮ ಸೀಮೆಯ ಅನುಭವವೂ ಇದಕ್ಕೆ ದೂರವಲ್ಲ. ಮುಸ್ಲಿಂ ಹೋಟೆಲ್ ಎಂದರೆ ಇಂದಿಗೂ ನೆನಪಾಗುವುದು ಚಹಾ, ಸುಲೈಮಾನಿ. ಸೂಫಿಯ ಜೋಳಿಗೆಯಲ್ಲಿ ಬಂದ ಬೀಜ ಸೂಫಿಯ ವಾರಸುದಾರರ ಅಡುಗೆಮನೆಗೇ ಪರಕೀಯವಾಯಿತು. ರುಚಿಗೆ ಜಾತಿ, ಮತಗಳಿಲ್ಲ ಎನ್ನುತ್ತೇವೆ. ಆದರೆ ಯಾರ ಮನೆಯಲ್ಲಿ ಯಾವ ಯಂತ್ರವಿತ್ತು ಎಂಬುದರಲ್ಲಿ ಎರಡೂ ಇದ್ದವು.

ಅಂಗಡಿಗೆ ಹೋದ ಬೀಜ

ಬೀಸುವ ಕೆಲಸ ಮನೆಯಿಂದ ಹೊರಗೆ ಕಾಲಿಟ್ಟದ್ದು ‘ಕಾಫಿ ವರ್ಕ್ಸ್’ ಎಂಬ ಪುಡಿ ಅಂಗಡಿಗಳಿಗೆ. ಸಂತೆಬೀದಿಯಲ್ಲಿ ಹುರಿಯುವ ಡ್ರಮ್ಮು, ವಿದ್ಯುತ್ತಿನಿಂದ ತಿರುಗುವ ದೊಡ್ಡ ಬಿಲ್ಲೆಯ ಯಂತ್ರ. ಗಿರಾಕಿ ಇಷ್ಟು ಪೀಬೆರಿ, ಇಷ್ಟು ಪ್ಲಾಂಟೇಶನ್, ಇಷ್ಟು ಚಿಕೋರಿ ಎಂದು ಹೇಳಿ, ಕಣ್ಣೆದುರೇ ಪುಡಿ ಮಾಡಿಸಿ, ಬಿಸಿ ಪೊಟ್ಟಣವನ್ನು ಮನೆಗೆ ಒಯ್ಯುತ್ತಿದ್ದ.

ಆದರೆ ಆ ಅಂಗಡಿಗೆ ಬರುತ್ತಿದ್ದ ಬೀಜದ ಮೇಲೆ ಅಂಗಡಿಯವನಿಗಾಗಲಿ ಗಿರಾಕಿಗಾಗಲಿ ಹೆಚ್ಚಿನ ಹಿಡಿತವಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ರಫ್ತು ಕುಸಿದಾಗ ಬೆಳೆಗಾರರನ್ನು ಉಳಿಸಲು ಸರ್ಕಾರ ಪೂಲ್ ಪದ್ಧತಿ ತಂದಿತು. 1942ರ ಕಾಯ್ದೆ ಅದಕ್ಕೆ ಆಧಾರ. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕು. ಮಂಡಳಿ ಹರಾಜು ಹಾಕುತ್ತದೆ. ಯಾರ ತೋಟದ ಬೀಜ ಯಾರ ಲೋಟಕ್ಕೆ ಹೋಯಿತೆಂದು ಯಾರಿಗೂ ತಿಳಿಯದು. ಒಳ್ಳೆಯ ಬೀಜಕ್ಕೆ ಒಳ್ಳೆಯ ಬೆಲೆ ಎಂಬ ನೇರ ಸಂಬಂಧವೂ ಕಡಿದುಹೋಯಿತು. 1990ರ ದಶಕದಲ್ಲಿ ಹಂತಹಂತವಾಗಿ ಈ ಪದ್ಧತಿ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರರು ತಮ್ಮ ಬೀಜವನ್ನು ತಾವೇ ಮಾರುವಂತಾದರು. ಇಂದು ಒಂದು ತೋಟದ ಹೆಸರಿನಲ್ಲೇ ಬೀಜ ಕೊಳ್ಳಲು ಸಾಧ್ಯವಾಗಿರುವುದು ಆ ಬದಲಾವಣೆಯಿಂದ. ಅದಿಲ್ಲದಿದ್ದರೆ ಮನೆಯಲ್ಲಿ ಎಷ್ಟು ಒಳ್ಳೆಯ ಗ್ರೈಂಡರ್ ಇಟ್ಟುಕೊಂಡೂ ಹೆಚ್ಚೇನೂ ಪ್ರಯೋಜನವಿರುತ್ತಿರಲಿಲ್ಲ.

ಪುಡಿ ಹೊರಗಿನಿಂದ ಬರತೊಡಗಿದ ಮೇಲೆ ಇನ್ನೊಂದು ತೊಂದರೆ ಬಂತು. ಬೀಜವನ್ನು ಕಣ್ಣಿನಿಂದ ಪರೀಕ್ಷಿಸಬಹುದು, ಪುಡಿಯನ್ನು ಹಾಗೆ ಪರೀಕ್ಷಿಸಲಾಗದು. ಹುಣಸೆ ಬೀಜ, ಖರ್ಜೂರದ ಬೀಜ ಹುರಿದು ಬೆರೆಸುವ ಮೋಸ ಹಳೆಯದು. ಚಿಕೋರಿ ಮೋಸವಲ್ಲ, ಕಾನೂನು ಒಪ್ಪಿದ ಬೆರಕೆ. ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕು ಎಂಬ ನಿಯಮವಿದೆ. ಒಂದು ಲೋಟ ತಣ್ಣೀರಿನ ಮೇಲೆ ಪುಡಿ ಉದುರಿಸಿ ನೋಡಿ: ಕಾಫಿ ತೇಲುತ್ತದೆ, ಚಿಕೋರಿ ಬಣ್ಣದ ಗೆರೆ ಬಿಡುತ್ತಾ ತಳಕ್ಕಿಳಿಯುತ್ತದೆ. ಮನೆಯಲ್ಲೇ ಬೀಸುವವರಿಗೆ ಈ ಪರೀಕ್ಷೆಯ ಗೊಡವೆಯೇ ಇಲ್ಲ.

ನಂಜನಗೂಡಿನ ಕಾರ್ಖಾನೆ

ಕರಗುವ ಕಾಫಿಯ ಹುಟ್ಟಿಗೆ ಕಾರಣ ಬ್ರೆಜಿಲ್‌ನ ಸಂಕಷ್ಟ. 1929ರ ಆರ್ಥಿಕ ಕುಸಿತದ ನಂತರ ಅಲ್ಲಿ ಕಾಫಿ ರಾಶಿರಾಶಿಯಾಗಿ ಕೊಳೆಯುತ್ತಿತ್ತು. ಆ ರಾಶಿಯನ್ನು ಕೆಡದಂತೆ ಉಳಿಸುವ ದಾರಿ ಹುಡುಕಿಕೊಡಿ ಎಂಬ ಕೋರಿಕೆ ಸ್ವಿಟ್ಜರ್ಲೆಂಡಿನ ನೆಸ್ಲೆಗೆ ಬಂತು. ಮ್ಯಾಕ್ಸ್ ಮಾರ್ಗೆಂತಾಲರ್ ಎಂಬ ರಸಾಯನತಜ್ಞ ವರ್ಷಗಟ್ಟಲೆ ದುಡಿದು ವಿಧಾನ ಕಂಡುಹಿಡಿದ. 1938ರಲ್ಲಿ ನೆಸ್‌ಕೆಫೆ ಮಾರುಕಟ್ಟೆಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲ ಸೇರಿ ಜಗತ್ತನ್ನು ಸುತ್ತಿತು.

ಕಾರ್ಖಾನೆಯೊಳಗೆ ನಡೆಯುವುದು ಸರಳವಾಗಿ ಇಷ್ಟು. ಬೀಜವನ್ನು ಹುರಿಯುತ್ತಾರೆ, ದೊಡ್ಡ ಯಂತ್ರಗಳಲ್ಲಿ ಪುಡಿ ಮಾಡುತ್ತಾರೆ, ಒತ್ತಡದಲ್ಲಿ ಬಿಸಿನೀರು ಹಾಯಿಸಿ ಸಾರ ತೆಗೆಯುತ್ತಾರೆ, ಆ ಸಾರವನ್ನು ಬಿಸಿಗಾಳಿಗೆ ಸಿಂಪಡಿಸಿಯೋ ಹೆಪ್ಪುಗಟ್ಟಿಸಿಯೋ ಒಣಗಿಸುತ್ತಾರೆ. ನಮ್ಮ ಮನೆಗೆ ಬರುವ ಪುಡಿ ಬೀಜದ ಪುಡಿಯಲ್ಲ, ಒಣಗಿಸಿದ ಡಿಕಾಕ್ಷನ್. ಹುರಿಯುವುದು, ಬೀಸುವುದು, ಇಳಿಸುವುದು ಎಂಬ ಮೂರೂ ಕೆಲಸಗಳು ಒಂದೇ ಏಟಿಗೆ ಮನೆಯಿಂದ ಹೊರಟುಹೋದವು.

ಇದರಿಂದ ಒಳಿತಾಗಲಿಲ್ಲವೇ? ಆಯಿತು. ಬೆಳಿಗ್ಗೆ ಐದಕ್ಕೆ ಎದ್ದು ಕೆಲಸಕ್ಕೆ ಓಡುವ ಹೆಂಗಸಿಗೆ ಅರ್ಧ ಗಂಟೆ ಉಳಿಯಿತು. ಫಿಲ್ಟರ್ ಇಲ್ಲದ, ಕಾಫಿಯ ರೂಢಿಯೇ ಇಲ್ಲದ ಮನೆಗಳಿಗೂ ಒಂದು ರೂಪಾಯಿಯ ಸಣ್ಣ ಪೊಟ್ಟಣದಲ್ಲಿ ಕಾಫಿ ಹೊಕ್ಕಿತು. ಕ್ಲಬ್ಬಿನ ಬೋರ್ಡು ಓದಿ ಹಿಂದಿರುಗಬೇಕಾಗಿದ್ದವರ ಮೊಮ್ಮಕ್ಕಳಿಗೆ ಆ ಪೊಟ್ಟಣ ಯಾವ ಜಾತಿಯನ್ನೂ ಕೇಳಲಿಲ್ಲ. ನಂಜನಗೂಡಿನ ಕಾರ್ಖಾನೆ ಉದ್ಯೋಗ ಕೊಟ್ಟಿತು. ಇದನ್ನೆಲ್ಲ ಅಲ್ಲಗಳೆಯಬೇಕಾಗಿಲ್ಲ. ಆದರೆ ಒಂದು ವಿದ್ಯೆ ಕೈಬಿಟ್ಟುಹೋದದ್ದೂ ನಿಜ. ಎಸ್ಪ್ರೆಸೊ ಎಂಬ ಹೆಸರು ನಮ್ಮ ಕಡೆ ಬಂದ ಬಗೆಯೇ ಇದಕ್ಕೆ ಸಾಕ್ಷಿ. 1980-90ರ ದಶಕದ ಮದುವೆ ಛತ್ರಗಳಲ್ಲಿ ‘ಎಕ್ಸ್‌ಪ್ರೆಸೊ ಕಾಫಿ’ ಎಂದರೆ ಕರಗುವ ಪುಡಿ, ಸಕ್ಕರೆ, ಹಾಲು ಬೆರೆಸಿ, ಹೊಳೆಯುವ ಯಂತ್ರದ ಕೊಳವೆಯಿಂದ ಹಬೆ ಊದಿ ನೊರೆ ಎಬ್ಬಿಸಿದ್ದು. ಮೇಲೆ ಒಂದು ಚಿಟಿಕೆ ಕೋಕೊ. ಅಲ್ಲಿ ಗ್ರೈಂಡರೇ ಇರಲಿಲ್ಲ!

ಎಸ್ಪ್ರೆಸೊ ಬೇಡುವ ಹದ

ನಿಜವಾದ ಎಸ್ಪ್ರೆಸೊ ಇಟಲಿಯ ಶೋಧ. 1884ರಲ್ಲಿ ಟ್ಯುರಿನ್‌ನ ಆಂಜೆಲೊ ಮೊರಿಯೊಂಡೊ ಹಬೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದ. 1901ರಲ್ಲಿ ಲುಯಿಜಿ ಬೆಜೆರಾ ಅದನ್ನು ಒಬ್ಬೊಬ್ಬರಿಗೆ ಒಂದೊಂದು ಬಟ್ಟಲಿನಂತೆ ಇಳಿಸುವ ಬಗೆ ತೋರಿಸಿದ. 1940ರ ದಶಕದ ಕೊನೆಯಲ್ಲಿ ಅಕಿಲೆ ಗಾಜಿಯಾನ ಸನ್ನೆ ಯಂತ್ರಗಳು ಬಂದ ಮೇಲೆ ಹಬೆಗಿಂತ ಬಹಳ ಹೆಚ್ಚಿನ ಒತ್ತಡ ಸಾಧ್ಯವಾಗಿ, ಕಾಫಿಯ ಮೇಲೆ ಚಿನ್ನದ ಬಣ್ಣದ ದಪ್ಪ ನೊರೆ ಕಾಣಿಸಿತು. ಕರ್ನಾಟಕದ ಯುವಜನರಿಗೆ ಅದು ಪರಿಚಯವಾದದ್ದು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಆರಂಭವಾದ ಮೇಲೆ.

ನಮ್ಮ ಫಿಲ್ಟರಿಗೂ ಎಸ್ಪ್ರೆಸೊಗೂ ಇರುವ ವ್ಯತ್ಯಾಸ ತಾಳ್ಮೆಯದು. ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದ ತಾನೇ ಹದಿನೈದು ಇಪ್ಪತ್ತು ನಿಮಿಷ ಇಳಿಯುತ್ತದೆ. ಪುಡಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಕ್ಷಮಿಸುತ್ತದೆ. ಎಸ್ಪ್ರೆಸೊದಲ್ಲಿ ಸುಮಾರು 18 ಗ್ರಾಂ ಪುಡಿಯ ಮೂಲಕ, ವಾತಾವರಣದ ಒತ್ತಡದ ಒಂಬತ್ತು ಪಟ್ಟು ಒತ್ತಡದಲ್ಲಿ, 25ರಿಂದ 30 ಸೆಕೆಂಡಿನೊಳಗೆ ನೀರು ನುಗ್ಗಿ ಹೊರಬರಬೇಕು. ಪುಡಿಯಲ್ಲಿ ದಪ್ಪ ತರಿ, ನುಣುಪು ಧೂಳು ಎರಡೂ ಬೆರೆತಿದ್ದರೆ ನೀರು ಸುಲಭದ ಸಂದಿಯನ್ನು ಹುಡುಕಿಕೊಂಡು ಅಲ್ಲಿಂದಲೇ ಜಾರುತ್ತದೆ. ಒಂದು ಭಾಗ ಅತಿಯಾಗಿ ತೊಳೆದು ಕಹಿ, ಇನ್ನೊಂದು ಭಾಗ ನೆನೆಯದೆ ಹುಳಿ. ಮಿಕ್ಸಿಯಲ್ಲಿ ಪುಡಿ ಮಾಡಿದರೆ ಆಗುವುದು ಇದೇ, ಯಾಕೆಂದರೆ ಮಿಕ್ಸಿ ಬೀಸುವುದಿಲ್ಲ, ಕತ್ತರಿಸುತ್ತದೆ. ಅಂಗಡಿಯ ಪುಡಿಯೂ ಇಲ್ಲಿ ನಿಲ್ಲದು. ಪುಡಿಯಾದ ಕಾಫಿ ತನ್ನ ಪರಿಮಳವನ್ನೂ ಒಳಗಿನ ಅನಿಲವನ್ನೂ ಬೇಗ ಕಳೆದುಕೊಳ್ಳುತ್ತದೆ. ಅಲ್ಲದೆ ದಿನದ ತೇವ, ಬೀಜದ ವಯಸ್ಸು ನೋಡಿ ಹದವನ್ನು ಕೂದಲೆಳೆಯಷ್ಟು ಬದಲಿಸಬೇಕಾಗುತ್ತದೆ.

ಒಳ್ಳೆಯ ಗ್ರೈಂಡರಿಗೆ ಕೊಡುವ ಹಣ ಹೋಗುವುದು ಈ ಕೂದಲೆಳೆಗೆ. ಅಗಲವಾದ ಬಿಲ್ಲೆಗಳು (50 ಮಿಲಿಮೀಟರಿನಿಂದ 64, 83, ಇನ್ನೂ ದೊಡ್ಡವು), ಅವೆರಡೂ ಒಂದಕ್ಕೊಂದು ಸಮಾಂತರವಾಗಿ ಕೂರುವ ನಿಖರತೆ, ಮೆಟ್ಟಿಲುಗಳಿಲ್ಲದೆ ನಯವಾಗಿ ತಿರುಗಿಸಬಲ್ಲ ತಿರುಪು, ಒಳಗೆ ಹಳೆಯ ಪುಡಿ ಉಳಿಯದ ರಚನೆ, ಬೀಜ ಬಿಸಿಯಾಗದ ನಿಧಾನ ಗತಿ. 2013ರಲ್ಲಿ ಮೆಲ್ಬೋರ್ನ್‌ನ ವಿಶ್ವ ಬರಿಸ್ತಾ ಸ್ಪರ್ಧೆಯಲ್ಲಿ ಮ್ಯಾಟ್ ಪರ್ಗರ್ ಎಂಬಾತ ಇ.ಕೆ. 43 ಎಂಬ ಜರ್ಮನ್ ಯಂತ್ರ ಬಳಸಿ ಎಲ್ಲರ ಗಮನ ಸೆಳೆದ. ಅದು ಮೂಲತಃ ಅಂಗಡಿಯಲ್ಲಿ ಗಿರಾಕಿಗಳಿಗೆ ಪೊಟ್ಟಣ ಕಟ್ಟಲು ಪುಡಿ ಮಾಡುವ ಯಂತ್ರ. ನಮ್ಮ ಕಾಫಿ ವರ್ಕ್ಸ್‌ನ ಯಂತ್ರದ ದೂರದ ನೆಂಟನೇ!

ಆದರೆ ದುಡ್ಡು ಸುರಿದಷ್ಟೂ ರುಚಿ ಏರುತ್ತದೆಂದು ಭಾವಿಸಬೇಕಾಗಿಲ್ಲ. ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಹೆಂಡನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನ, ಅತಿ ನುಣ್ಣಗೆ ಬೀಸುವುದಕ್ಕಿಂತ ಸ್ವಲ್ಪ ತರಿಯಾಗಿ ಬೀಸಿ, ಪುಡಿಯನ್ನೂ ಕಡಿಮೆ ಬಳಸಿದರೆ ರುಚಿ ದಿನದಿನವೂ ಒಂದೇ ತೆರನಾಗಿ ಬರುತ್ತದೆಂದು ತೋರಿಸಿತು. 2023ರ ಇನ್ನೊಂದು ಅಧ್ಯಯನದ ಪ್ರಕಾರ ಬೀಸುವ ಮುನ್ನ ಬೀಜಕ್ಕೆ ತುಸು ನೀರು ಚಿಮುಕಿಸಿದರೆ ಪುಡಿ ವಿದ್ಯುದಂಶದಿಂದ ಗಂಟುಕಟ್ಟುವುದು ತಪ್ಪುತ್ತದೆ, ಸಾರವೂ ಚೆನ್ನಾಗಿ ಇಳಿಯುತ್ತದೆ. ಇವೆರಡಕ್ಕೂ ಖರ್ಚಿಲ್ಲ. ಇನ್ನು ಉಕ್ಕಿನ ಬಿಲ್ಲೆಯ ಒಳ್ಳೆಯ ಕೈಗ್ರೈಂಡರ್ ದೊಡ್ಡದರ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುತ್ತದೆ. ಒಂದೆರಡು ನಿಮಿಷ ತೋಳು ನೋಯಿಸಿಕೊಂಡರೆ ಎಸ್ಪ್ರೆಸೊ ಹದದ ಪುಡಿ ಸಿದ್ಧ. ಫಿಲ್ಟರ್ ಕಾಫಿ ಕುಡಿಯುವ ಮನೆಗಂತೂ ಅದು ಧಾರಾಳ ಸಾಕು.

ಯಾರ ಕೈ, ಯಾರ ಪಾಲು

ನಂಜನಗೂಡು ತಾಲ್ಲೂಕಿನಲ್ಲೇ ಬದನವಾಳು ಎಂಬ ಊರಿದೆ. ಗಾಂಧೀಜಿ ಭೇಟಿ ಕೊಟ್ಟಿದ್ದ ಖಾದಿ ಕೇಂದ್ರ ಅಲ್ಲಿದೆ. 1993ರಲ್ಲಿ ದಲಿತರ ಹತ್ಯೆ ನಡೆದು ನಾಡು ತಲೆತಗ್ಗಿಸಿದ್ದೂ ಅಲ್ಲೇ. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅದೇ ಊರಿನಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿ, ಕೈಯ ದುಡಿಮೆಗೆ ಮರ್ಯಾದೆ ಬೇಕೆಂದು ಕೇಳಿದರು. ಒಂದೇ ತಾಲ್ಲೂಕಿನಲ್ಲಿ ಕೈಯನ್ನು ಬಿಡುಗಡೆ ಮಾಡಿದ ಕಾರ್ಖಾನೆಯೂ ಇದೆ, ಕೈಯನ್ನು ಮರೆಯಬೇಡಿ ಎಂದ ದನಿಯೂ ಇದೆ. ಎರಡೂ ಸುಳ್ಳಲ್ಲ.

ಬೀಸುವ ಕೆಲಸ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಕಾರ್ಖಾನೆಗೆ ಹೋಗಿ, ಈಗ ಕೆಲವರ ಮನೆಗೆ ಮರಳುತ್ತಿದೆ. ಹೋದಾಗ ಅದು ಹೆಂಗಸರ ಸಂಬಳವಿಲ್ಲದ ಚಾಕರಿಯಾಗಿತ್ತು. ಮರಳುವಾಗ ಬಹುಪಾಲು ಗಂಡಸರ ದುಬಾರಿ ಹವ್ಯಾಸವಾಗಿದೆ. ಆಗ ಅದಕ್ಕೆ ವಿದ್ಯೆ ಎಂಬ ಹೆಸರಿರಲಿಲ್ಲ, ಈಗ ತರಬೇತಿ, ಸ್ಪರ್ಧೆ, ಪ್ರಶಸ್ತಿಗಳಿವೆ. ಹವ್ಯಾಸ ತಪ್ಪಲ್ಲ. ದುಡಿದ ಹಣದಲ್ಲಿ ಒಳ್ಳೆಯ ಸಾಧನ ಕೊಂಡು, ಒಳ್ಳೆಯ ಬೀಜವನ್ನು ಕೆಡಿಸದೆ ಕುಡಿಯುವುದು ಆ ಬೀಜ ಬೆಳೆದವನಿಗೆ ಸಲ್ಲಿಸುವ ಗೌರವವೂ ಹೌದು. ಆದರೆ ಗ್ರೈಂಡರ್ ಮಾತ್ರ ದೊಡ್ಡದಾಗಿ, ಬೀಜ ಯಾರದೆಂದು ಕೇಳದೆ ಹೋದರೆ ಆ ಗೌರವ ಅರ್ಧಕ್ಕೆ ನಿಲ್ಲುತ್ತದೆ. ತೋಟದ ಹೆಸರು ಕೇಳಿ ಕೊಳ್ಳುವ ಅವಕಾಶ 1996ಕ್ಕೆ ಮುಂಚೆ ನಮ್ಮ ಹಿರಿಯರಿಗೆ ಇರಲಿಲ್ಲ, ನಮಗಿದೆ. ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿದೆ.

ಆದ್ದರಿಂದ ಲಕ್ಷದ ಗ್ರೈಂಡರಿಗೆ ಕೈಹಾಕುವವರು ಮೊದಲು ಕೆಲವು ಸಣ್ಣ ಕೆಲಸ ಮಾಡಬಹುದು. ಹುರಿದ ತಾರೀಖು ಬರೆದಿರುವ ಬೀಜ ಕೊಳ್ಳಿ, ಅದನ್ನು ಬೆಳೆದವರ ಹೆಸರು ತಿಳಿಯಿರಿ. ಒಂದು ಕೈಯಂತ್ರದಲ್ಲಿ ಬೀಸಿ ಹದ ಕಲಿಯಿರಿ. ಅಟ್ಟದಲ್ಲಿ ಅಜ್ಜಿಯ ಕಾಲದ್ದು ಇದ್ದರೆ ಇಳಿಸಿ ತೊಳೆಯಿರಿ. ಆಮೇಲೂ ಸಾಲದೆನಿಸಿದರೆ ದೊಡ್ಡದನ್ನು ತನ್ನಿ. ತಂದ ಮೇಲೆ ಪಕ್ಕದ ಮನೆಯವರನ್ನೂ ಕರೆಯಿರಿ, ಅವರು ಯಾರೇ ಆಗಿರಲಿ. ಮಿಹ್‌ಬಾಜ್‌ನ ಸದ್ದು ಕೇಳಿ ಗುಡಾರಕ್ಕೆ ಬಂದವನ ಕುಲಗೋತ್ರವನ್ನು ಬದೂಯಿನನು ಮೊದಲ ಬಟ್ಟಲು ಕೊಡುವ ಮುಂಚೆ ಕೇಳುತ್ತಿರಲಿಲ್ಲ.